ಬಾಯಿಮಾತಿನ ಕರಾರು

1989ನೆಯ ಇಸವಿ. ಮಳೆಗಾಲ ಮುಗಿಯುತ್ತ ಬಂದಿದ್ದ ದಿನಗಳು. ನಾನಾಗ ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕ. ಒಂದು ಸಂಜೆ ನಮ್ಮ ಮನೆಯ ಜಗಲಿಗೆ ಒಬ್ಬರು ಬಂದು ಕುಳಿತರು. ಊರಿನ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು. ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ವರ್ಷವರ್ಷವೂ ಜೋಡಿಸಿಕೊಡುತ್ತಿದ್ದವರು ಅವರೇ. ನನ್ನ ಕೈಬರಹ ಚೆನ್ನಾಗಿಲ್ಲ. ಅದನ್ನು ಓದಬಲ್ಲವರು ಊರಿನಲ್ಲಿ ಇಬ್ಬರೇ, ನನ್ನ ಹೆಂಡತಿ ಮತ್ತು ಆ ಕಂಪೋಸಿಟರು, ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ನಾನು ಅವಸರದಲ್ಲಿ ಬಿಟ್ಟ ಒತ್ತಕ್ಷರಗಳನ್ನು ಅವರು ಹೇಳದೆಯೇ ಸೇರಿಸಿಬಿಡುತ್ತಿದ್ದರು.

"ಮೇಷ್ಟ್ರೇ, ನಾಳೆಯಿಂದ ನನಗೆ ಕೆಲಸವಿಲ್ಲವಂತೆ" ಎಂದರು. ಅಚ್ಚುಕೂಟಕ್ಕೆ ಆಫ್‌ಸೆಟ್ ಯಂತ್ರ ಬರುವುದಿತ್ತು. ಸೀಸದ ಮೊಳೆಗಳನ್ನು ತೂಕಕ್ಕೆ ಹಾಕಿ ಮಾರುವುದೆಂದು ನಿಶ್ಚಯವಾಗಿತ್ತು. ಮೊಳೆಗಳೇ ಇಲ್ಲವಾದ ಮೇಲೆ ಮೊಳೆ ಜೋಡಿಸುವವರು ಯಾತಕ್ಕೆ? ಯಜಮಾನರು 500 ರೂಪಾಯಿ ಮತ್ತು ಒಂದು ಜೊತೆ ಪಂಚೆ ಕೊಟ್ಟು ಕಳಿಸಿದ್ದರು. 19 ವರ್ಷದ ದುಡಿಮೆ ಅಲ್ಲಿಗೆ ಮುಗಿದಿತ್ತು. "ಕೇಳುವುದಕ್ಕೆ ಏನಾದರೂ ದಾರಿ ಇದ್ದರೆ ಒಂದು ಅರ್ಜಿ ಬರೆದುಕೊಡಿ" ಎಂದು ಅವರು ಬಂದಿದ್ದರು.

ನಾನು ಕೇಳಿದ ಮೊದಲ ಪ್ರಶ್ನೆ ಇದು: "ನಿಮ್ಮ ಹತ್ತಿರ ನೇಮಕದ ಕಾಗದವೇನಾದರೂ ಇದೆಯೆ?"

ಅವರು ನಕ್ಕರು. "ದೊಡ್ಡ ಯಜಮಾನರು ಇದ್ದಾಗ 'ನಾಳೆಯಿಂದ ಬಾರಯ್ಯ' ಅಂದರು, ಬಂದೆ. ಕಾಗದ ಎಲ್ಲಿಂದ ಬರಬೇಕು ಮೇಷ್ಟ್ರೇ?"

"ಹಾಗಾದರೆ ಏನೂ ಮಾಡುವುದಕ್ಕಾಗುವುದಿಲ್ಲ" ಎಂದೆ. ಎರಡನೆಯ ಪ್ರಶ್ನೆಯನ್ನೇ ಕೇಳಲಿಲ್ಲ. ಅವರು ಕಾಫಿ ಕುಡಿದು, ಕೈಮುಗಿದು ಹೋದರು. ಕೆಲವು ತಿಂಗಳಲ್ಲಿ ಊರನ್ನೇ ಬಿಟ್ಟರು.

ನಾನು ಅಂದು ಹೇಳಿದ್ದು ತಪ್ಪು. ಅದು ತಪ್ಪೆಂದು ತಿಳಿದದ್ದು ಬಹುಕಾಲದ ಮೇಲೆ. ಸಾಹಿತ್ಯದ ವಿದ್ಯಾರ್ಥಿಯಾದ ನಾನು ಕಾರ್ಮಿಕ ಕಾನೂನಿನ ಚರಿತ್ರೆಯನ್ನು ಓದತೊಡಗಿದ್ದು ಈ ಒಂದು ತಪ್ಪಿನ ಕಾರಣದಿಂದ. ಬರಹದ ಕರಾರಿಲ್ಲದೆ ದುಡಿದವನು 'ನೀನಿನ್ನು ಬೇಡ' ಎನ್ನಿಸಿಕೊಂಡಾಗ ಅವನಿಗೆ ಏನು ಹಕ್ಕಿದೆ? ಈ ಪ್ರಶ್ನೆಗೆ ನಮ್ಮ ದೇಶದ ಚರಿತ್ರೆ ಕೊಟ್ಟಿರುವ ಉತ್ತರ ವಿಚಿತ್ರವಾದದ್ದು, ವಿಚಾರಕ್ಕೆ ಯೋಗ್ಯವಾದದ್ದು.

ಅಕ್ಷರ ಕಲಿತ ನಮ್ಮಂಥವರಿಗೆ ಕಾಗದದ ಮೇಲೆ ಒಂದು ಬಗೆಯ ಭಕ್ತಿ. ಬರೆದದ್ದು ಉಂಟು, ಬರೆಯದ್ದು ಇಲ್ಲ ಎಂದೇ ನಮ್ಮ ಭಾವನೆ. ಆದರೆ ನಮ್ಮ ಹಳ್ಳಿಗಳ ದುಡಿಮೆಯೆಲ್ಲ ಶತಮಾನಗಳ ಕಾಲ ಬರಹವಿಲ್ಲದೆಯೇ ನಡೆಯಿತು. ಬಡಗಿ, ಕಮ್ಮಾರ, ಅಗಸ, ತಳವಾರ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದಿಂದ ಇಷ್ಟು ಕಾಳು ಸಲ್ಲಬೇಕೆಂಬುದು ಊರಿಗೇ ಗೊತ್ತಿದ್ದ ಮಾತು. ಅದನ್ನು ರಮ್ಯವಾಗಿ ಚಿತ್ರಿಸುವುದು ಬೇಡ. ಆ ಏರ್ಪಾಡಿನಲ್ಲಿ ಜಾತಿಯ ಕಟ್ಟು ಇತ್ತು, ಬಿಟ್ಟುಹೋಗುವ ಸ್ವಾತಂತ್ರ್ಯವಿರಲಿಲ್ಲ. ಆದರೂ ಒಂದು ಮಾತು ನಿಜ: ನಿನ್ನ ಪಾಲಿಗೆ ಕಾಗದವೆಲ್ಲಿ ಎಂದು ಕಣದಲ್ಲಿ ಯಾರೂ ಕೇಳುತ್ತಿರಲಿಲ್ಲ. ಮಾಡಿದ ಕೆಲಸವೇ ಸಾಕ್ಷಿ, ಊರೇ ಸಾಕ್ಷಿ.

ಬರಹ ಇದ್ದದ್ದು ಬೇರೆಯವರ ಕೈಯಲ್ಲಿ. 'ಕಡತ' ಎಂಬ ನಮ್ಮ ಮಾತನ್ನೇ ನೋಡಿ. ಇಂದು ಅದಕ್ಕೆ ಕಚೇರಿಯ ಫೈಲು ಎಂದು ಅರ್ಥ. ಹಿಂದೆ ಕಡತವೆಂದರೆ ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪುಮಾಡಿ ಮಡಿಸಿಟ್ಟ ಬಟ್ಟೆ. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು, ಬೇಡವಾದರೆ ಒರಸುತ್ತಿದ್ದರು. ದುಡಿದವನ ದುಡಿಮೆ ಕಡತದಲ್ಲಿ ಸೇರಿತೆಂದೇ ಇಟ್ಟುಕೊಳ್ಳೋಣ. ಕಡತವನ್ನು ಬಿಚ್ಚುವ ಕೈ, ಮಡಿಸುವ ಕೈ, ಒರಸುವ ಕೈ ಅವನದಲ್ಲ. ಈ ಮಾತನ್ನು ನೆನಪಿನಲ್ಲಿಟ್ಟರೆ ಮುಂದಿನ ಚರಿತ್ರೆ ತಿಳಿಯುವುದು ಸುಲಭ.

ಬ್ರಿಟಿಷರ ಆಳ್ವಿಕೆಯಲ್ಲಿ 1859ರಲ್ಲಿ ಒಂದು ಕಾಯಿದೆ ಬಂತು. ಕೆಲಸಗಾರರು ಕರಾರು ಮುರಿದರೆ ಶಿಕ್ಷಿಸುವ ಕಾಯಿದೆ ಅದು. ಮುಂಗಡ ಹಣ ಪಡೆದ ಕುಶಲಕರ್ಮಿಯಾಗಲಿ ಕೂಲಿಯಾಗಲಿ ಕೆಲಸಕ್ಕೆ ಬಾರದೆ ಹೋದರೆ, ಧಣಿ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದಿತ್ತು. ಹಣ ಹಿಂದಿರುಗಿಸು, ಇಲ್ಲವೇ ಕೆಲಸ ಮಾಡು ಎಂದು ಆಜ್ಞೆಯಾಗುತ್ತಿತ್ತು. ಅದನ್ನು ಮೀರಿದವನಿಗೆ 3 ತಿಂಗಳವರೆಗೆ ಸೆರೆವಾಸ. ಮೊದಲು ಕಲ್ಕತ್ತ, ಮದರಾಸು, ಮುಂಬಯಿ ನಗರಗಳಿಗೆಂದು ಹುಟ್ಟಿದ ಈ ಕಾಯಿದೆ ಮುಂದೆ ಬೇರೆ ಪ್ರದೇಶಗಳಿಗೂ ಹಬ್ಬಿತು. ಅದು ರದ್ದಾದದ್ದು 1925ರ ಕಾಯಿದೆಯಿಂದ.

ಈ ಕಾಯಿದೆಯ ಒಂದು ಕಲಮು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಕರಾರು ಎಂದರೆ ಯಾವುದು ಎಂದು ಅದರಲ್ಲಿ ವಿವರಿಸಿದ್ದಾರೆ: ಪತ್ರದ ಮೂಲಕ ಆದದ್ದು ಇರಬಹುದು, ಬರೆದದ್ದು ಇರಬಹುದು, ಬಾಯಿಮಾತಿನದೂ ಇರಬಹುದು. ಕೂಲಿಯವನನ್ನು ಸೆರೆಮನೆಗೆ ಕಳಿಸುವುದಕ್ಕೆ ಬಾಯಿಮಾತಿನ ಕರಾರು ಸಾಕಾಗಿತ್ತು! 130 ವರ್ಷದ ನಂತರ, ಬಾಯಿಮಾತನ್ನು ನಂಬಿ ಬಂದ ಒಬ್ಬ ಕೆಲಸಗಾರನಿಗೆ ನಾನು 'ಕಾಗದವೆಲ್ಲಿ' ಎಂದು ಕೇಳಿದ್ದೆ. ಧಣಿಗೆ ಬೇಕಾದಾಗ ಮಾತೇ ಕರಾರು. ದುಡಿದವನು ಕೇಳಿದಾಗ ಕಾಗದವಿಲ್ಲದ ಕರಾರು ಕರಾರೇ ಅಲ್ಲ. ಈ ಇಬ್ಬಂದಿ ನ್ಯಾಯ ನನ್ನ ತಲೆಯಲ್ಲೂ ಮನೆಮಾಡಿಕೊಂಡಿತ್ತು ಎಂಬುದೇ ನನಗೆ ನಾಚಿಕೆ ತಂದ ಸಂಗತಿ.

ಕಾನೂನು ಎಂದೂ ನನ್ನಷ್ಟು ಕಾಗದಭಕ್ತಿಯನ್ನು ಇಟ್ಟುಕೊಂಡಿರಲಿಲ್ಲ. 1872ರ ಕರಾರು ಕಾಯಿದೆ ಮಾತಿನಿಂದ ಆದ ಒಪ್ಪಂದವನ್ನು ಒಪ್ಪುತ್ತದೆ; ನಡತೆಯಿಂದ ತಿಳಿದುಬರುವ ಒಪ್ಪಂದವನ್ನೂ ಒಪ್ಪುತ್ತದೆ. ಒಬ್ಬನು ಬೆಳಗ್ಗೆ ಬಂದು ದುಡಿದ, ಮತ್ತೊಬ್ಬನು ತಿಂಗಳ ಕೊನೆಗೆ ಸಂಬಳ ಕೊಟ್ಟ, ಹೀಗೆ ವರ್ಷಗಟ್ಟಲೆ ನಡೆಯಿತು ಎಂದಾದರೆ ಅವರ ನಡುವೆ ಕರಾರು ಇದ್ದೇ ಇದೆ. ಆದರೆ ಆ ಕರಾರನ್ನು ಮುಗಿಸುವಾಗ ಕೆಲಸಗಾರನಿಗೆ ಏನು ಸಲ್ಲಬೇಕು? ಅದಕ್ಕೆ ಹಳೆಯ ಕಾನೂನಿನಲ್ಲಿ ಹೆಚ್ಚಿನ ಉತ್ತರವಿರಲಿಲ್ಲ.

ಆ ಉತ್ತರ ಸಿದ್ಧವಾದದ್ದು ಸ್ವಾತಂತ್ರ್ಯದ ಆಚೀಚಿನ ವರ್ಷಗಳಲ್ಲಿ. 1946ರ ಸ್ಥಾಯೀ ಆದೇಶಗಳ ಕಾಯಿದೆಯ ಪ್ರಕಾರ, 100 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಗಳು ಕೆಲಸದ ನಿಯಮಗಳನ್ನು ಬರಹದಲ್ಲಿಡಬೇಕಾಯಿತು. ಅವುಗಳನ್ನು ಇಂಗ್ಲಿಷಿನಲ್ಲಿ ಮಾತ್ರವಲ್ಲದೆ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಬಾಗಿಲ ಬಳಿ ತೂಗುಹಾಕಬೇಕೆಂದು ವಿಧಿಸಿದ್ದು ನನ್ನಂಥ ಭಾಷಾ ಅಧ್ಯಾಪಕನಿಗೆ ಸಂತೋಷ ಕೊಡುವ ವಿಷಯ. 1947ರಲ್ಲಿ ಕೈಗಾರಿಕಾ ವಿವಾದಗಳ ಕಾಯಿದೆ ಬಂತು. 1953ರಲ್ಲಿ ಕೇಂದ್ರ ಸರ್ಕಾರ ಒಂದು ಸುಗ್ರೀವಾಜ್ಞೆಯನ್ನು ಹೊರಡಿಸಿ, ಅನಂತರ ಆ ಕಾಯಿದೆಗೆ ಒಂದು ಹೊಸ ಅಧ್ಯಾಯವನ್ನೇ ಸೇರಿಸಿತು. ಮುಂದೆ ರಾಷ್ಟ್ರಪತಿಗಳಾದ ವಿ. ವಿ. ಗಿರಿಯವರು ಆಗ ಕಾರ್ಮಿಕ ಮಂತ್ರಿಗಳು.

ಆ ಅಧ್ಯಾಯದ ಸಾರ ಸರಳ. ಹೆಚ್ಚಾದರೆಂಬ ಕಾರಣಕ್ಕೆ ಕೆಲಸಗಾರರನ್ನು ಕಡಿತಗೊಳಿಸುವುದಾದರೆ ಒಂದು ತಿಂಗಳ ಮುಂಚೆ ಕಾರಣ ತಿಳಿಸಿ ನೋಟೀಸು ಕೊಡಬೇಕು. ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಸೇವೆಯ ಒಂದೊಂದು ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ ಕೊಡಬೇಕು. ಸರ್ಕಾರಕ್ಕೂ ತಿಳಿಸಬೇಕು. ಒಂದು ಬಗೆಯ ಕೆಲಸದಲ್ಲಿ ಕೊನೆಗೆ ಬಂದವನನ್ನು ಸಾಮಾನ್ಯವಾಗಿ ಮೊದಲು ಬಿಡಬೇಕು. ಮತ್ತೆ ಆಳು ಬೇಕಾದಾಗ ತೆಗೆದುಹಾಕಿದವರನ್ನು ಮೊದಲು ಕರೆಯಬೇಕು. ಹಾಜರಿ ಪಟ್ಟಿಯನ್ನು ಇಡುವುದು ಧಣಿಯ ಕರ್ತವ್ಯ. ಪರಿಹಾರಕ್ಕೆ ಅರ್ಹನಾಗಲು ಒಂದು ವರ್ಷದ ಅವಿಚ್ಛಿನ್ನ ಸೇವೆ ಬೇಕು. ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದಿದ್ದರೆ ಒಂದು ವರ್ಷ ದುಡಿದ ಹಾಗೆ ಎಣಿಸತಕ್ಕದ್ದು. ಗಣಿಯ ಒಳಗೆ ದುಡಿಯುವವರಿಗೆ 190 ದಿನ ಸಾಕು.

ಇಲ್ಲಿ ನೇಮಕದ ಕಾಗದದ ಮಾತು ಎಲ್ಲಿದೆ? ಎಲ್ಲಿಯೂ ಇಲ್ಲ. ಕೆಲಸಗಾರ ಯಾರು ಎಂಬ ವ್ಯಾಖ್ಯೆಯಲ್ಲಿ, ಕೆಲಸದ ಷರತ್ತುಗಳು ಸ್ಪಷ್ಟವಾಗಿ ಹೇಳಿದವಾಗಿರಲಿ, ನಡತೆಯಿಂದ ಊಹಿಸಬೇಕಾದವಾಗಿರಲಿ, ಅವನು ಕೆಲಸಗಾರನೇ ಎಂದು ಸೇರಿಸಿದ್ದರು. ಸಂಸ್ಥೆಯಲ್ಲಿ ಇಷ್ಟು ಜನ ಇರಬೇಕೆಂಬ ನಿಬಂಧನೆಯೂ ಈ ಪರಿಹಾರಕ್ಕೆ ಇರಲಿಲ್ಲ. ಕಾನೂನು ಎಣಿಸಿದ್ದು ದಿನಗಳನ್ನು. ಹಳೆಯ ಕಣದ ನ್ಯಾಯವೇ ಹೊಸ ಭಾಷೆಯಲ್ಲಿ ಮರಳಿ ಬಂದಂತೆ ನನಗೆ ತೋರುತ್ತದೆ: ಮಾಡಿದ ಕೆಲಸವೇ ಸಾಕ್ಷಿ.

ಈಗ ನಮ್ಮ ಕಂಪೋಸಿಟರ ಲೆಕ್ಕ ಮಾಡೋಣ. 19 ವರ್ಷ, ವರ್ಷಕ್ಕೆ 15 ದಿನ. ಒಟ್ಟು 285 ದಿನದ ಸಂಬಳ. ಅಂದರೆ ಒಂಬತ್ತೂವರೆ ತಿಂಗಳದು. ಅದರ ಮೇಲೆ ನೋಟೀಸಿನ ಒಂದು ತಿಂಗಳದು. ಇಷ್ಟನ್ನು ಕೇಳುವ ಹಕ್ಕು 1989ರ ಆ ಸಂಜೆ ಅವರಿಗೆ ಇತ್ತು. ಅವರಿಗೆ ದೊರೆತದ್ದು 500 ರೂಪಾಯಿ, ಒಂದು ಜೊತೆ ಪಂಚೆ ಮತ್ತು ಒಬ್ಬ ವಿದ್ಯಾವಂತನ ಅಜ್ಞಾನ.

ಕಾನೂನಿನ ಹಾದಿ ನೇರವಾಗಿತ್ತೆಂದು ತಿಳಿಯಬಾರದು. ಮಿರಜಿನಿಂದ ಪಂಢರಪುರ, ಕುರ್ಡುವಾಡಿಗಳ ಮೇಲೆ ಲಾತೂರಿಗೆ ಹೋಗುತ್ತಿದ್ದ ಬಾರ್ಸಿ ಲೈಟ್ ರೈಲ್ವೆ ಎಂಬ ಸಣ್ಣ ಗೇಜಿನ ಹಳಿಯೊಂದಿತ್ತು. 1954ರ ಜನವರಿ 1ರಂದು ಸರ್ಕಾರ ಅದನ್ನು ವಹಿಸಿಕೊಂಡಿತು. ಅದಕ್ಕೆ ಮೊದಲು ಕಂಪನಿ ತನ್ನ ನೌಕರರೆಲ್ಲರಿಗೂ ಸೇವೆ ಮುಗಿಯಿತೆಂದು ನೋಟೀಸು ಕೊಟ್ಟಿತು. ಪರಿಹಾರದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಉದ್ಯಮ ನಡೆಯುತ್ತಿರುವಾಗ ಹೆಚ್ಚಾದವರನ್ನು ತೆಗೆದರೆ ಮಾತ್ರ ಅದು ಕಡಿತ, ಉದ್ಯಮವೇ ಮುಚ್ಚಿದರೆ ಅಥವಾ ಕೈಬದಲಾದರೆ ಅಲ್ಲ, ಎಂದು 1956ರ ನವೆಂಬರ್ 27ರಂದು ಸಂವಿಧಾನಪೀಠ ಹೇಳಿತು. ಹತ್ತು ಜನರನ್ನು ತೆಗೆದರೆ ಪರಿಹಾರ, ಎಲ್ಲರನ್ನೂ ತೆಗೆದರೆ ಇಲ್ಲ ಎಂಬಂತಾಯಿತು. ಸಂಸತ್ತು 1957ರಲ್ಲಿ ಕಾಯಿದೆಯನ್ನು ತಿದ್ದಿ, ತೀರ್ಪಿನ ಮರುದಿನದಿಂದಲೇ ಅನ್ವಯವಾಗುವಂತೆ, ಮುಚ್ಚುವಿಕೆಗೂ ಕೈಬದಲಾವಣೆಗೂ ಪರಿಹಾರವನ್ನು ವಿಧಿಸಿತು.

ಕಾಗದ ಇದ್ದವರೆಲ್ಲ ಸುಖಿಗಳು ಎಂದೂ ತಿಳಿಯಬಾರದು. 1976ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಬ್ಬ ಬ್ಯಾಂಕ್ ನೌಕರನ ಮೊಕದ್ದಮೆ ಬಂತು. ಅವನ ಕೈಯಲ್ಲಿ ನೇಮಕದ ಆಜ್ಞೆ ಇತ್ತು. ಆದರೆ ಅದು 9 ದಿನದ ನೇಮಕ. ಆಜ್ಞೆಯಲ್ಲೇ ಮುಕ್ತಾಯದ ಮಾತೂ ಇತ್ತು. ಹೀಗೆ ಬಿಟ್ಟುಬಿಟ್ಟು ದುಡಿಸಿಕೊಂಡು 240 ದಿನ ಮೀರಿತ್ತು. ಕಾಗದದಲ್ಲಿ ಅವಧಿ ಮುಗಿದಿದೆ ಎಂದಿತು ಬ್ಯಾಂಕು. ಯಾವ ಕಾರಣದಿಂದಲೇ ಆಗಲಿ ಸೇವೆ ಕೊನೆಗೊಂಡರೆ ಅದು ಕಡಿತವೇ ಎಂದರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ಅಲ್ಲಿಯೂ ದಿನಗಳು ಕಾಗದವನ್ನು ಗೆದ್ದವು. ಆದರೆ 1984ರಲ್ಲಿ ಕಾಯಿದೆಗೆ ಮತ್ತೊಂದು ತಿದ್ದುಪಡಿಯಾಗಿ, ಗೊತ್ತಾದ ಅವಧಿಯ ಕರಾರು ಮುಗಿದು ಅದನ್ನು ಮುಂದುವರಿಸದೆ ಇದ್ದರೆ ಅದು ಕಡಿತವಲ್ಲ ಎಂದಾಯಿತು. ಬರಹ ದುಡಿಯುವವನಿಗೆ ಗುರಾಣಿಯೂ ಆಗಬಹುದು, ಅವನ ಕತ್ತಿಗೆ ಕತ್ತರಿಯೂ ಆಗಬಹುದು. ಏನು ಬರೆದಿದೆ ಎಂಬುದನ್ನು ಓದಿ ನೋಡದೆ ಕಾಗದಕ್ಕೆ ಕೈಮುಗಿಯಬಾರದು.

ಇಷ್ಟಾದರೂ ಒಂದು ಕಷ್ಟ ಉಳಿಯಿತು. ದಿನಗಳೇ ಸಾಕ್ಷಿ, ಸರಿ. ಆ ದಿನಗಳಿಗೆ ಸಾಕ್ಷಿ ಯಾವುದು? ಈ ಪ್ರಶ್ನೆಗೆ ಉತ್ತರ ಹೇಳಿಸಿದವರಲ್ಲಿ ನಮ್ಮ ಕರ್ನಾಟಕದ ಇಬ್ಬರು ದಿನಗೂಲಿಯವರಿದ್ದಾರೆ. ಮೊದಲನೆಯವನು ಅರಣ್ಯ ಇಲಾಖೆಯಲ್ಲಿ ದುಡಿದೆನೆಂದು ಹೇಳಿದವನು. 240 ದಿನ ದುಡಿದೆನೆಂದು ಪ್ರಮಾಣಪತ್ರ ಮಾಡಿದ. ಬೇರೆ ಆಧಾರ ಕೊಡಲಿಲ್ಲ. ತಾನೇ ಬರೆದುಕೊಟ್ಟ ಮಾತು ಸಾಲದು, ಸಾಬೀತುಪಡಿಸುವ ಹೊಣೆ ಕೇಳುವವನದೇ ಎಂದು 2002ರಲ್ಲಿ ಸುಪ್ರೀಂ ಕೋರ್ಟು ಅವನ ವಿರುದ್ಧ ತೀರ್ಪಿತ್ತಿತು. ಕಡತ ಧಣಿಯ ಕೈಯಲ್ಲಿರುವಾಗ ಕೂಲಿಯವನು ಎಲ್ಲಿಂದ ಆಧಾರ ತರಬೇಕು?

2005ರಲ್ಲಿ ಎರಡನೆಯವನ ಮೊಕದ್ದಮೆಯಲ್ಲಿ ಇದಕ್ಕೆ ಒಂದು ದಾರಿ ತೆರೆಯಿತು. ದಿನಗೂಲಿಯವನಿಗೆ ನೇಮಕದ ಪತ್ರವೂ ಇರುವುದಿಲ್ಲ, ತೆಗೆದುಹಾಕಿದ ಪತ್ರವೂ ಇರುವುದಿಲ್ಲ, ಸಂಬಳದ ರಸೀತಿಯೂ ಇರುವುದಿಲ್ಲ ಎಂಬುದನ್ನು ನ್ಯಾಯಾಲಯ ಒಪ್ಪಿತು. ಹೊಣೆ ಅವನದೇ ಸರಿ. ಆದರೆ ಅವನು ಸಾಕ್ಷಿಕಟ್ಟೆ ಹತ್ತಿ ತನ್ನ ಮಾತು ಹೇಳಿ, ಹಾಜರಿ ಪಟ್ಟಿ, ಸಂಬಳದ ಪುಸ್ತಕಗಳನ್ನು ಧಣಿಯಿಂದಲೇ ತರಿಸುವಂತೆ ಕೇಳಬಹುದು. ಈತನ ಬಳಿ, ಹಿಂದೆ ಅಲ್ಲಿದ್ದ ಎಂಜಿನಿಯರರೊಬ್ಬರು ಕೊಟ್ಟಿದ್ದ ಒಂದು ಸೇವಾಪತ್ರವೂ ಇತ್ತು. ಇಲಾಖೆ ಹಾಜರಿ ಪಟ್ಟಿಗಳನ್ನೆಲ್ಲ ತರದೆ ಕೆಲವನ್ನು ಮಾತ್ರ ತಂದಿತ್ತು. ಅವನು ಗೆದ್ದ. ಒಂದು ಚೀಟಿ, ಅದನ್ನು ಬರೆದುಕೊಡುವ ಮನಸ್ಸಿದ್ದ ಒಬ್ಬ ಅಧಿಕಾರಿ, ಇಷ್ಟರಿಂದ ಅವನ ವರ್ಷಗಳು ಅವನಿಗೆ ದಕ್ಕಿದವು.

ಪರಿಹಾರದ ಹಕ್ಕು ಬೇರೆ, ಖಾಯಂ ಆಗುವ ಹಕ್ಕು ಬೇರೆ ಎಂಬುದನ್ನೂ ಹೇಳಬೇಕು. ಕರ್ನಾಟಕ ಸರ್ಕಾರದ ದಿನಗೂಲಿ ನೌಕರರ ಮೊಕದ್ದಮೆಯಲ್ಲಿ, ನಿಯಮದಂತೆ ನೇಮಕವಾಗದವರು ಬಹುಕಾಲ ದುಡಿದರೆಂಬ ಕಾರಣಕ್ಕೇ ಸರ್ಕಾರಿ ಕೆಲಸವನ್ನು ಹಕ್ಕಾಗಿ ಕೇಳಲಾಗದು ಎಂದು 2006ರ ಏಪ್ರಿಲಿನಲ್ಲಿ ಸಂವಿಧಾನಪೀಠ ಹೇಳಿತು. ಕಠಿಣವಾದ ಮಾತು, ತಿಳಿದಿರಬೇಕಾದ ಮಾತು.

1947ರ ಆ ಕಾಯಿದೆ ಈಗ ಚರಿತ್ರೆಗೆ ಸೇರಿತು. 2020ರಲ್ಲಿ ಸಂಸತ್ತು ಒಪ್ಪಿದ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು ಅದರ ಜಾಗದಲ್ಲಿ ಕುಳಿತಿದೆ. ಒಂದು ತಿಂಗಳ ನೋಟೀಸು, ವರ್ಷಕ್ಕೆ 15 ದಿನದ ಪರಿಹಾರ, 240 ದಿನದ ಎಣಿಕೆ ಹೊಸದರಲ್ಲೂ ಉಳಿದಿವೆ. ಸರ್ಕಾರದ ಅನುಮತಿಯಿಲ್ಲದೆ ಕಡಿತ ಮಾಡಬಾರದೆಂಬ ನಿಯಮ ಹಿಂದೆ 100 ಜನರಿದ್ದ ಕಾರ್ಖಾನೆಗೂ ಇತ್ತು. ಈಗ 300ಕ್ಕೆ ಏರಿದೆ. ಅದರ ಜೊತೆಗೇ ಜಾರಿಯಾದ ಮತ್ತೊಂದು ಸಂಹಿತೆ ನೌಕರರಿಗೆ ನೇಮಕದ ಪತ್ರ ಕೊಡುವುದನ್ನು ಧಣಿಯ ಕರ್ತವ್ಯವನ್ನಾಗಿ ಮಾಡಿದೆ. ಒಳ್ಳೆಯದೇ. ಆದರೆ ಕೊಡಬೇಕೆಂದು ಬರೆದ ಮಾತ್ರಕ್ಕೆ ಎಲ್ಲರ ಕೈಗೂ ಪತ್ರ ಬಂದುಬಿಡುವುದಿಲ್ಲ. ಪತ್ರ ಕೊಡದೆ ಇದ್ದದ್ದು ಧಣಿಯ ಲೋಪ. ಅದಕ್ಕಾಗಿ ದುಡಿದವನು ದಂಡ ತೆರಬೇಕಾಗಿಲ್ಲ. ಈ ಇಡೀ ಚರಿತ್ರೆಯಿಂದ ನಾನು ಕಲಿತ ಪಾಠ ಇಷ್ಟೇ.

ನಿವೃತ್ತನಾದ ಮೇಲೆ ಒಂದು ದಿನ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ಹಳೆಯ ಕಾಗದಗಳನ್ನು ವಿಂಗಡಿಸುತ್ತಿದ್ದೆ. ಕಾಲೇಜಿನ ಸಂಚಿಕೆಗಳ ಗ್ಯಾಲಿ ಕರಡುಗಳ ಒಂದು ಕಟ್ಟು ಸಿಕ್ಕಿತು. ಉದ್ದನೆಯ ಹಾಳೆಗಳು, ಅಂಚಿನಲ್ಲಿ ನನ್ನ ಕೆಂಪು ಶಾಯಿಯ ತಿದ್ದುಪಡಿಗಳು. ಪ್ರತಿ ಹಾಳೆಯ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಎರಡು ಅಕ್ಷರ, ಒಂದು ತಾರೀಖು. ಆ ಗ್ಯಾಲಿಯನ್ನು ಜೋಡಿಸಿದವರ ಗುರುತು ಅದು. ಐದು ವರ್ಷದ ಕರಡುಗಳಲ್ಲಿ ಅದೇ ಎರಡು ಅಕ್ಷರ.

240 ದಿನವನ್ನು ಅಷ್ಟರಿಂದಲೇ ಸಾಧಿಸಲು ಆಗುತ್ತಿರಲಿಲ್ಲ. ಆದರೆ ಅವರ ಮಾತಿಗೆ ಅದು ಬಲ ಕೊಡುತ್ತಿತ್ತು. ಅಚ್ಚುಕೂಟದ ಹಾಜರಿ ಪುಸ್ತಕವನ್ನು ಹೊರಗೆ ತರಿಸುವುದಕ್ಕೆ ಆಧಾರವಾಗುತ್ತಿತ್ತು. ಕಾಗದವೆಲ್ಲಿ ಎಂದು ನಾನು ಅವರನ್ನು ಕೇಳಿದ ಆ ಸಂಜೆ, ಕಾಗದ ನನ್ನ ಮನೆಯ ಟ್ರಂಕಿನಲ್ಲೇ ಇತ್ತು.

ಇದನ್ನು ಕೇಳುತ್ತಿರುವ ನಿಮ್ಮಲ್ಲಿ ಅನೇಕರು ಓದುಬರಹ ಬಲ್ಲವರು. ನಿಮ್ಮ ಜಗಲಿಗೂ ಒಂದು ದಿನ ಯಾರಾದರೂ ಬಂದು ಕುಳಿತುಕೊಳ್ಳಬಹುದು: ಅಂಗಡಿಯ ಲೆಕ್ಕ ಬರೆಯುವವರು, ಗ್ಯಾರೇಜಿನ ಹುಡುಗ, ಗೋಡೌನಿನ ಹಮಾಲರು. ನೇಮಕದ ಕಾಗದ ಇದೆಯೇ ಎಂದು ಮೊದಲು ಕೇಳಬೇಡಿ. ಎಷ್ಟು ವರ್ಷ ದುಡಿದಿರಿ, ನಿಮ್ಮ ದುಡಿಮೆಯನ್ನು ಕಂಡವರು ಯಾರು, ನಿಮ್ಮ ಕೈಯ ಗುರುತು ಎಲ್ಲೆಲ್ಲಿ ಬಿದ್ದಿದೆ ಎಂದು ಕೇಳಿ. ಅನಂತರ ಕಾರ್ಮಿಕ ಇಲಾಖೆಯ ಕಚೇರಿಗೆ ಒಂದು ಅರ್ಜಿಯನ್ನು ಬರೆದುಕೊಡಿ. ತಡಮಾಡಬೇಡಿ; ಇಂಥ ದಾವೆಗೆ ಕಾಲದ ಮಿತಿ ಉಂಟು. ನಾನು ಬರೆದುಕೊಡದೆ ಹೋದ ಅರ್ಜಿ ಅದು.

(ಬಾನುಲಿ ಭಾಷಣ)